ಆಯಾಳ ತಲೆಗೆ ಕಟ್ಟಿದ ಕೊಲೆ

ಬೀದಿಯವರೆಲ್ಲ ಆಕೆಯನ್ನು ಕೊಲೆಯಮ್ಮ ಎಂದೇ ಕರೆಯುತ್ತಿದ್ದರು. ಬೆನ್ನ ಹಿಂದೆ ಅಲ್ಲ, ಎದುರಿಗೇ. ಇಪ್ಪತ್ತೆರಡು ವರ್ಷದಲ್ಲಿ ಮೂವತ್ತೊಂದು ಪತ್ತೇದಾರಿ ಕಾದಂಬರಿ ಬರೆದ ಹೆಂಗಸಿಗೆ ಇನ್ನೇನು ಹೆಸರು ಇಡುತ್ತಾರೆ? ಆಕೆಗೂ ಬೇಸರವಿರಲಿಲ್ಲ. ಹಾಲು ಹಾಕುವವನು "ಇವತ್ತು ಎಷ್ಟು ಹೆಣ ಬಿತ್ತಮ್ಮಾ?" ಎಂದರೆ, "ಒಂದೇ ಕಣಪ್ಪ, ಇನ್ನೊಂದನ್ನ ನಾಳೆಗೆ ಇಟ್ಕೊಂಡಿದ್ದೀನಿ" ಎನ್ನುತ್ತಿದ್ದಳು.

ಗಂಡ ಬೆಳಿಗ್ಗೆ ನೀರು ಸರಬರಾಜು ಕಚೇರಿಗೆ ಹೊರಟ ಮೇಲೆ ಅಡುಗೆಮನೆಯ ಮೇಜು ಒರೆಸಿ ಕೂತರೆ ಮಧ್ಯಾಹ್ನ ಒಂದರವರೆಗೆ ಏಳುತ್ತಿರಲಿಲ್ಲ. ದಿನಕ್ಕೆ ಆರು ಪುಟ. ಜ್ವರ ಬಂದರೆ ನಾಲ್ಕು. ಹಳೇ ಕ್ಯಾಲೆಂಡರಿನ ಹಾಳೆ ಮಗುಚಿ, ಯಾರು ಎಷ್ಟು ಗಂಟೆಗೆ ಎಲ್ಲಿದ್ದರು ಎಂದು ಗೀಟು ಹಾಕಿ ಬರೆದು ಗೋಡೆಗೆ ಅಂಟಿಸುತ್ತಿದ್ದಳು. ಅವಳ ಕಾದಂಬರಿಯಲ್ಲಿ ಗಡಿಯಾರ ತಪ್ಪು ಹೊಡೆಯುವುದು ಬಹಳ ಅಪರೂಪ. ಮೂವತ್ತೊಂದನೆಯದು ಆಸ್ಪತ್ರೆಯಲ್ಲಿ ನಡೆಯುವ ಕಥೆ. ಅದಕ್ಕಾಗಿ ಮೂರು ವಾರ ದೊಡ್ಡಾಸ್ಪತ್ರೆಯ ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತಿದ್ದಳು. ಅಲ್ಲೇ ಒಬ್ಬ ಆಯಾಳ ಪರಿಚಯವಾಯಿತು. ಬಾಡಿಗೆ ಪುಸ್ತಕದಂಗಡಿಯಿಂದ ತಂದು ಕೊಲೆಯಮ್ಮನ ಪುಸ್ತಕಗಳನ್ನೆಲ್ಲ ಓದಿ ಮುಗಿಸಿದ್ದ ಆಯಾ. ಪಾಳಿ ಬದಲಾಗುವುದು ಎಷ್ಟು ಹೊತ್ತಿಗೆ, ನೆಲ ಒರೆಸುವ ನೀರಿಗೆ ಏನು ಬೆರೆಸುತ್ತಾರೆ, ವಿಷದ ಔಷಧಿಗಳ ಬೀರುವಿನ ಕೀ ಯಾರ ಸೊಂಟದಲ್ಲಿರುತ್ತದೆ, ಎಲ್ಲ ಹೇಳಿದವಳು ಅವಳೇ.

ಪುಸ್ತಕ ಹೊರಬಂದು ಹತ್ತು ದಿನವಾಗಿತ್ತು. ಬರೆದವಳಿಗೆ ಕೊಡಬೇಕಾದ ಪ್ರತಿಗಳು ಯಾವತ್ತಿನಂತೆ ಇನ್ನೂ ಬಂದಿರಲಿಲ್ಲ. ಒಂದು ಮಧ್ಯಾಹ್ನ ಬಾಗಿಲು ತಟ್ಟಿದ ಸದ್ದಾಯಿತು. ತೆರೆದರೆ ಆಯಾ. ಕೈಯಲ್ಲಿ ಪುಸ್ತಕ.

"ಅಯ್ಯೋ, ಬಾ ಒಳಗೆ!"

"ಬರಲ್ಲಮ್ಮ." ಆಯಾ ಹೊಸಿಲಾಚೆಯೇ ನಿಂತಳು. "ಒಂದು ಮಾತು ಕೇಳಿ ಹೋಗೋಣ ಅಂತ ಬಂದೆ. ನಾನು ನಿಮಗೇನು ಕೇಡು ಮಾಡಿದ್ದೆ?"

"ಏನು ಹಾಗಂದ್ರೆ?"

"ವಾರ್ಡಿನಲ್ಲಿ ಎಲ್ಲರಿಗೂ ಹೇಳ್ಕೊಂಡು ತಿರುಗಿದ್ದೆ, ಈ ಪುಸ್ತಕದಲ್ಲಿ ನಾನೂ ಇದ್ದೀನಿ ಅಂತ. ಈಗ ನರ್ಸುಗಳೆಲ್ಲ ನನ್ನ ನೋಡಿ ನಗ್ತಾರೆ. 'ಇವಳ ಕೈಲಿ ಸೂಜಿ ಕೊಡಬೇಡ್ರೇ' ಅಂತಾರೆ."

ಕೊಲೆಯಮ್ಮ ಪುಸ್ತಕ ಕಿತ್ತುಕೊಂಡು ಬಾಗಿಲಲ್ಲೇ ನಿಂತು ಕೊನೆಯ ಅಧ್ಯಾಯ ಓದಿದಳು. ಅವಳು ಬರೆದದ್ದರಲ್ಲಿ ಕೊಲೆಗಾರ ಆಸ್ಪತ್ರೆಯ ಹಿರಿಯ ಡಾಕ್ಟರ್. ಅಚ್ಚಾದದ್ದರಲ್ಲಿ ಆಯಾ. ಡಾಕ್ಟರನ್ನು ಕಂಡು ಹೊಟ್ಟೆಕಿಚ್ಚುಪಟ್ಟು, ರೋಗಿಗೆ ವಿಷದ ಸೂಜಿ ಚುಚ್ಚಿ, ಕೊನೆಗೆ ಅದೇ ಡಾಕ್ಟರ ಕಾಲು ಹಿಡಿದು ಗೋಳಾಡುತ್ತಾಳೆ. "ಬಡತನ ಎಂಥವರನ್ನೂ ಪಶು ಮಾಡುತ್ತದೆ" ಎಂದು ಕೊನೆಯ ವಾಕ್ಯ. ಅಂಥ ವಾಕ್ಯವನ್ನು ಅವಳು ತನ್ನ ಜನ್ಮದಲ್ಲಿ ಬರೆದಿರಲಿಲ್ಲ. ಬೀರುವಿನ ಕೀ ಡಾಕ್ಟರ ಸೊಂಟ ಬಿಟ್ಟು ಕದಲುವುದಿಲ್ಲ ಎಂದು ಏಳನೇ ಅಧ್ಯಾಯದಲ್ಲಿ ಎರಡು ಸಲ ಬರೆದಿದ್ದಳು. ಅದು ಹಾಗೇ ಇತ್ತು. ಆಯಾಗೆ ಔಷಧಿ ಸಿಕ್ಕಿದ್ದು ಹೇಗೆ ಎಂದು ಮಾತ್ರ ಯಾರೂ ಬರೆದಿರಲಿಲ್ಲ.

ಪುಸ್ತಕ ಮಗುಚಿದಳು. ಹಿಂಬದಿಯ ರಟ್ಟಿನ ತುಂಬ ಯಾವುದೋ ಹೊಸ ಖಾಸಗಿ ಆಸ್ಪತ್ರೆಯ ಜಾಹೀರಾತು. ಬಿಳಿ ಕೋಟು ತೊಟ್ಟ ಡಾಕ್ಟರೊಬ್ಬ ಹಲ್ಲು ಕಿರಿದು ನಿಂತಿದ್ದ.

ಅಂಗಾಲಿನಿಂದ ನೆತ್ತಿಯವರೆಗೆ ಉರಿ ಹತ್ತಿತು.

"ಇದು ನಾನು ಬರೆದಿದ್ದಲ್ಲ" ಎಂದಳು.

"ಹೆಸರು ನಿಮ್ಮದೇ ಇದೆಯಲ್ಲಮ್ಮ" ಎಂದಳು ಆಯಾ. ಪುಸ್ತಕ ವಾಪಸ್ ತಗೊಂಡಳು. ಬಾಡಿಗೆಯದು, ಸಂಜೆಯೊಳಗೆ ಕೊಡಬೇಕಿತ್ತು.

ಪ್ರಕಾಶಕರ ಕಚೇರಿ ಸೈಕಲ್ ಅಂಗಡಿಯ ಮೇಲೆ, ಎರಡು ಕೋಣೆ. ಕಟ್ಟು ಕಟ್ಟಿದ ಪುಸ್ತಕಗಳ ನಡುವೆ ಓರೆಯಾಗಿ ನಡೆದು ಹೋಗಬೇಕು. ಕೊಲೆಯಮ್ಮ ಅವತ್ತು ಓರೆಯಾಗಲಿಲ್ಲ, ನೇರ ನುಗ್ಗಿದಳು. ಎರಡು ಕಟ್ಟು ಉರುಳಿಬಿದ್ದವು.

"ಬನ್ನಿ ಅಕ್ಕಾ, ಬನ್ನಿ! ನೂರು ವರ್ಷ ಆಯಸ್ಸು ನಿಮಗೆ, ಈಗ ತಾನೇ ನಿಮ್ಮ ಪ್ರತಿ ಕಟ್ಟಿಸ್ತಿದ್ದೆ" ಎಂದರು ಪ್ರಕಾಶಕರು.

"ಯಾರು ಬರೆದಿದ್ದು ಅದನ್ನ?"

ಪ್ರಕಾಶಕರು ಕನ್ನಡಕ ತೆಗೆದು ಒರೆಸಿದರು. ಮುಖದಲ್ಲಿ ನಾಚಿಕೆ ಇರಲಿಲ್ಲ. ಅದಕ್ಕಿಂತ ಕೆಟ್ಟದ್ದೊಂದಿತ್ತು, ಹೆಮ್ಮೆ. "ನಾನೇ ಅಕ್ಕಾ. ಎರಡೇ ದಿನ. ನಿಮ್ಮ ಶೈಲಿ ಒಂಚೂರೂ ಬಿಟ್ಟಿಲ್ಲ, ನೋಡಿ ಬೇಕಾದ್ರೆ."

"ನನ್ನ ಶೈಲಿ! ಕೀ ಎಲ್ಲಿಂದ ಬಂತ್ರೀ ಅವಳಿಗೆ?"

"ಯಾವ ಕೀ?"

"ಬೀರುವಿನ ಕೀ! ಏಳನೇ ಅಧ್ಯಾಯ ಓದಿದ್ದೀರಾ, ಇಲ್ಲಾ ಜಾಹೀರಾತು ಓದಿ ಕೊನೇದನ್ನ ಬರೆದ್ರಾ?"

"ಸಮಾಧಾನ, ಸಮಾಧಾನ. ನಿಮ್ಮ ಓದುಗರು ಯಾರು ಹೇಳಿ? ಬಸ್ಸಿನಲ್ಲಿ ಓದೋರು, ಒಲೆ ಮೇಲೆ ಸಾರಿಟ್ಟು ಓದೋರು. ಅವರು ಕೀ ಪೀ ಅಂತೆಲ್ಲ ನೋಡ್ತಾರಾ? ಒಂದು ಕೊಲೆ, ಒಬ್ಬ ಕೊಲೆಗಾರ, ಮುಗೀತು. ಇದೇನು ದೊಡ್ಡ ಸಾಹಿತ್ಯವಾ?"

ಇಪ್ಪತ್ತೆರಡು ವರ್ಷ ಆಕೆಯ ಪುಸ್ತಕ ಮಾರಿ ಬದುಕಿದ ಮನುಷ್ಯ ಈ ಮಾತು ನಗುನಗುತ್ತ ಆಡಿದ. ಒಲೆ ಮೇಲೆ ಸಾರಿಟ್ಟು ಓದುವವರು ಅವಳಿಗೆ ಬರೆಯುತ್ತಿದ್ದ ಪತ್ರಗಳು ಅವನಿಗೇನು ಗೊತ್ತು? ಹದಿನಾಲ್ಕನೇ ಕಾದಂಬರಿಯಲ್ಲಿ ರೈಲು ಮೂರು ನಿಮಿಷ ಮೊದಲೇ ಬಂತೆಂದು ಜಗಳಕ್ಕೇ ಬಂದಿದ್ದರು. ಕೊಲೆಯಮ್ಮ ಮೇಜಿನ ಮೇಲೆ ಕಾಗದ ಹಾರದಂತೆ ಇಟ್ಟಿದ್ದ ಗಾಜಿನ ಗುಂಡನ್ನು ಒಮ್ಮೆ ನೋಡಿದಳು, ಅವನ ತಲೆಯನ್ನು ಒಮ್ಮೆ ನೋಡಿದಳು. ಮೂವತ್ತೊಂದು ಕೊಲೆ ಮಾಡಿದವಳಿಗೆ ಅಳತೆ ಗೊತ್ತಿತ್ತು.

"ನನ್ನನ್ನ ಒಂದು ಮಾತು ಕೇಳಬೇಕಿತ್ತು" ಎಂದಳು ಕೊನೆಗೆ.

"ಕೇಳಿದ್ವಲ್ಲ! ಫೋನ್ ಮಾಡಿದ್ದೆ. ನಿಮ್ಮ ಯಜಮಾನ್ರು ಎತ್ತಿದ್ರು. 'ಏನು ಬೇಕೋ ಮಾಡ್ಕೊಳ್ಳಿ ಸ್ವಾಮಿ, ಅಷ್ಟಕ್ಕೆಲ್ಲ ಬರೀತಾ ಕೂತೋಳನ್ನ ಯಾಕೆ ಎಬ್ಬಿಸ್ಲಿ' ಅಂದ್ರು."

ಗಂಡ ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಹಿಡಿದುಕೊಂಡಳು.

"ಪ್ರಕಾಶಕರು ಫೋನ್ ಮಾಡಿದ್ರಾ?"

ಅವನು ನೆನಪು ಮಾಡಿಕೊಂಡ. "ಹಾಂ, ಒಂದು ಭಾನುವಾರ. ಕೊನೇಲಿ ಏನೋ ಸಣ್ಣ ಬದಲಾವಣೆ ಅಂದ್ರು. ನೀನು ಬರೀತಿದ್ದೆ. ಬರೆಯೋವಾಗ ಮಾತಾಡಿಸಿದ್ರೆ ನುಂಗೋ ಹಾಗೆ ನೋಡ್ತೀಯ, ಅದಕ್ಕೇ..."

"ಹೇಳಲೂ ಇಲ್ಲ."

"ಮರೆತೆ ಕಣೇ. ಅದಕ್ಕೆ ಇಷ್ಟೊಂದು ಯಾಕೆ? ನಾನೇನು ಕೊಲೆ ಮಾಡಿದ್ನಾ?"

"ರೀ, ನನ್ನ ಪುಸ್ತಕ ಎಷ್ಟು ಓದಿದ್ದೀರಿ ನೀವು?"

ಗಂಡ ಗೋಡೆ ನೋಡಿದ. ಮೊದಲನೆಯದನ್ನು ಓದಿದ್ದ. ಎರಡನೆಯದು ಅರ್ಧ. ಎಲ್ಲರೆದುರು "ನನ್ನ ಹೆಂಡತಿ ಬರೀತಾಳೆ" ಎಂದು ಎದೆಯುಬ್ಬಿಸಿ ಹೇಳಿಕೊಳ್ಳುವವನು, ಅವಳು ಏನು ಬರೆಯುತ್ತಾಳೆಂದು ಇಪ್ಪತ್ತು ವರ್ಷದಿಂದ ತಿರುಗಿಯೂ ನೋಡಿರಲಿಲ್ಲ. ಅವಳಿಗೂ ಅದು ಗೊತ್ತಿತ್ತು. ಗೊತ್ತಿದ್ದರೂ ಬಾಯಿಬಿಟ್ಟು ಕೇಳಿರಲಿಲ್ಲ, ಅಷ್ಟೇ. ಆ ಸಂಜೆ ಅವಳು ಕೂಗಾಡಲಿಲ್ಲ. ಹಸ್ತಪ್ರತಿಯ ಕಟ್ಟು ತಂದು ಅವನ ಮಡಿಲಲ್ಲಿ ದೊಪ್ಪನೆ ಹಾಕಿದಳು. "ಇದನ್ನ ಓದೋವರೆಗೆ ನನ್ನ ಹತ್ರ ಮಾತಾಡಬೇಡಿ" ಎಂದಳು.

ಎರಡು ದಿನ ಮನೆಯಲ್ಲಿ ಪಾತ್ರೆಗಳದ್ದೇ ಮಾತು. ಮೂರನೆಯ ಬೆಳಿಗ್ಗೆ ಗಂಡ ಅಡುಗೆಮನೆಯ ಬಾಗಿಲಿಗೆ ಬಂದು ನಿಂತ. ಗಡ್ಡ ಕೆರೆದುಕೊಂಡ.

"ಡಾಕ್ಟರೇ ಕಣೇ ಮಾಡಿದ್ದು. ಆಯಾಗೆ ಆ ಬೀರು ತೆಗೆಯೋಕೇ ಆಗಲ್ಲ."

"ಗೊತ್ತಾಯ್ತಾ?"

"ಆ ಬೋಳಿಮಗ ಹೇಗೆ ಬದಲಾಯಿಸಿದ ಅದನ್ನ?" ಗಂಡನ ದನಿಯಲ್ಲಿ ನಿಜವಾದ ಸಿಟ್ಟಿತ್ತು. ಅವಳಿಗೆ ಅದನ್ನು ಕೇಳಿ ತಣ್ಣಗಾಗಬೇಕಿತ್ತು. ಆಗಲಿಲ್ಲ. ಇಪ್ಪತ್ತು ವರ್ಷ ತಡವಾಗಿ ಬಂದ ಸಿಟ್ಟು ಅದು. ಆದರೂ "ಅಂಟು ತಗೊಂಡು ಬನ್ನಿ, ದೊಡ್ಡ ಡಬ್ಬಿ" ಎಂದಳು.

ನಿಜವಾದ ಕೊನೆಯ ಅಧ್ಯಾಯ ಹದಿನಾರು ಪುಟ. ಜೆರಾಕ್ಸ್ ಅಂಗಡಿಯಲ್ಲಿ ಇನ್ನೂರು ಪ್ರತಿ ತೆಗೆಸಿದರು. ಗಂಡ ಒಂದು ವಾರ ರಜೆ ಹಾಕಿದ. ಇಬ್ಬರೂ ಊರಿನ ಬಾಡಿಗೆ ಪುಸ್ತಕದಂಗಡಿಗಳನ್ನೆಲ್ಲ ಸುತ್ತಿದರು. ಅಂಗಡಿಯವರು ಮೊದಲು ಅನುಮಾನಪಟ್ಟರೂ, ಬಂದಿರುವವಳು ಸಾಕ್ಷಾತ್ ಬರೆದವಳೇ ಎಂದು ತಿಳಿದ ಮೇಲೆ ಸ್ಟೂಲು ಹಾಕಿಕೊಟ್ಟರು. ಅವಳು ಸುಳ್ಳು ಅಧ್ಯಾಯವನ್ನು ಬ್ಲೇಡಿನಲ್ಲಿ ಕೊಯ್ದು ತೆಗೆಯುವುದು, ಗಂಡ ನಿಜದ್ದನ್ನು ಅಂಟಿಸುವುದು. ಒಂದು ಅಂಗಡಿಯವನಂತೂ "ಕೀ ವಿಷಯ ಕೇಳಿ ಕೇಳಿ ಜನ ನನ್ನ ಪ್ರಾಣ ತಿಂದ್ರು ತಾಯಿ, ಪುಣ್ಯ ಬಂತು ನಿಮಗೆ" ಎಂದು ಕೈ ಮುಗಿದ.

ನಾಲ್ಕನೆಯ ದಿನ ಪ್ರಕಾಶಕರ ಫೋನು.

"ಏನ್ರೀ ಇದು? ನನ್ನ ಪುಸ್ತಕಕ್ಕೆ ಕತ್ತರಿ ಹಾಕೋಕೆ ನೀವ್ಯಾರು?"

"ಇದೇ ಪ್ರಶ್ನೆ ನಾನು ಕೇಳೋಕೆ ಬಂದಾಗ ನೀವು ಕನ್ನಡಕ ಒರೆಸ್ಕೊಂಡ್ರಿ" ಎಂದು ಫೋನ್ ಇಟ್ಟಳು.

ಇನ್ನು ಮುಂದೆ ನಿಮ್ಮ ಯಾವ ಪುಸ್ತಕವನ್ನೂ ಪ್ರಕಟಿಸುವುದಿಲ್ಲ ಎಂದು ವಾರದಲ್ಲೇ ರಿಜಿಸ್ಟರ್ ಪತ್ರ ಬಂತು. ಪರೀಕ್ಷೆಯ ಗೈಡು ಅಚ್ಚು ಹಾಕುವ ಒಬ್ಬ ಸಣ್ಣ ಪ್ರಕಾಶಕಿ ಮಾತ್ರ ಧೈರ್ಯ ಮಾಡಿ ಮುಂದಿನದನ್ನು ಕೇಳಿದಳು. ಒಂದು ಅಲ್ಪವಿರಾಮವನ್ನೂ ಕೇಳದೆ ಮುಟ್ಟುವಂತಿಲ್ಲ ಎಂದು ಕೊಲೆಯಮ್ಮ ಕರಾರಿನ ಮೇಲೆ ಕೈಯಲ್ಲೇ ಬರೆದು ಸಹಿ ಹಾಕಿಸಿಕೊಂಡಳು.

ಆಮೇಲೆ ಹದಿನಾರು ಪುಟ ಹಿಡಿದು ಆಸ್ಪತ್ರೆಗೆ ಹೋದಳು. ಬಟ್ಟೆ ಒಗೆಯುವ ಕೋಣೆಯ ಹಿಂದೆ ಆಯಾಗಳು ಕೂರುವ ಜಾಗ. ಪಾಳಿ ಬದಲಾಗುವ ಹೊತ್ತು, ಐದಾರು ಜನ ಇದ್ದರು. ಆಯಾ ಹಾಳೆ ತಗೊಂಡು ಗಟ್ಟಿಯಾಗಿ ಓದತೊಡಗಿದಳು. ಡಾಕ್ಟರ ಗುಟ್ಟು ಬಯಲಾಗುವಲ್ಲಿ ಯಾರೋ "ಹಾಗೇ ಆಗಬೇಕು!" ಎಂದರು. ಡಾಕ್ಟರು ತಪ್ಪೊಪ್ಪಿಕೊಂಡು ಅಳುವಲ್ಲಿ ಮಾತ್ರ ಎಲ್ಲರೂ ನಕ್ಕುಬಿಟ್ಟರು.

"ಯಾಕೆ?" ಎಂದಳು ಕೊಲೆಯಮ್ಮ. ಅವಳಿಗೆ ತುಸು ಮುಖಭಂಗವಾಗಿತ್ತು.

ಆಯಾ ಹಾಳೆ ಮಡಚಿದಳು. "ಬೇಜಾರು ಮಾಡ್ಕೋಬೇಡಿ. ನೀವು ಬರೆದಿದ್ದು ಸರಿ, ಲೆಕ್ಕ ಎಲ್ಲಾ ಕೂಡುತ್ತೆ. ಆದ್ರೆ ಇಲ್ಲಿ ಹಾಗೆ ನಡೆಯಲ್ಲಮ್ಮ. ನಿಮ್ಮ ಪ್ರಕಾಶಕರು ಬರೆದ ಹಾಗೇ ನಡೆಯೋದು. ಹೋದ ವರ್ಷ ಒಂದು ಮಗುವಿಗೆ ಔಷಧಿ ಹೆಚ್ಚಾಯ್ತು. ಬರೆದುಕೊಟ್ಟೋರು ಯಾರೋ, ಚುಚ್ಚಿದೋರು ಯಾರೋ. ಮನೆಗೆ ಕಳಿಸಿದ್ದು ಇವಳನ್ನ." ಮೂಲೆಯಲ್ಲಿ ಕೂತು ಉಗುರು ಕಚ್ಚುತ್ತಿದ್ದ ತೆಳ್ಳನೆಯ ಹೆಂಗಸನ್ನು ತೋರಿಸಿದಳು. "ಆರು ತಿಂಗಳಾದ ಮೇಲೆ ದಿನಗೂಲಿಗೆ ವಾಪಸ್ ತಗೊಂಡ್ರು. ಹೊಸಬಳ ಹಾಗೆ."

ಪ್ರಕಾಶಕರ ಮೇಲೆ ಉರಿದದ್ದು ಏನೂ ಅಲ್ಲ ಎನ್ನುವಂಥ ಸಿಟ್ಟು ಕೊಲೆಯಮ್ಮನಿಗೆ ಬಂತು. ಅಲ್ಲಿದ್ದ ಬಕೆಟ್ಟೊಂದನ್ನು ಬೋರಲು ಹಾಕಿ ಆ ಹೆಂಗಸಿನ ಎದುರು ಕೂತಳು.

"ಹೇಳು ತಾಯಿ" ಎಂದಳು. "ಮೊದಲಿಂದ ಹೇಳು. ಅವತ್ತು ಎಷ್ಟು ಗಂಟೆಗೆ ಬಂದೆ ನೀನು ಕೆಲಸಕ್ಕೆ?"