ಪ್ರಮಾಣ ಯಾರು ಮಾಡಬೇಕು?

ರಾಜೀವಿಗೆ ಸಾಕ್ಷಿ ಇರಲಿಲ್ಲ.

ಪುಂಜಾಲಕಟ್ಟೆ ಹತ್ತಿರದ ಬೀಡಿ ಬ್ರಾಂಚಿನಲ್ಲಿ ಉಳಿದ ಹೆಂಗಸರೆಲ್ಲ ಕಟ್ಟಿದ ಬೀಡಿ ಕೊಟ್ಟು, ಎಲೆ ತೂಗಿಸಿಕೊಂಡು ಹೋದ ಮೇಲೆ ಅವಳ ಸರದಿ ಬಂದಿತ್ತು. ಬ್ರಾಂಚು ನೋಡಿಕೊಳ್ಳುವ ನಿತ್ಯಾನಂದ ತಕ್ಕಡಿಯ ಹಿಂದಿನಿಂದ ಬಂದು ಅವಳನ್ನು ಗೋಡೆಗೆ ಒತ್ತಿ ಹಿಡಿದ. ಕೊಸರಿಕೊಂಡು ಓಡಿ ಬರುವಾಗ ಎರಡು ಬಳೆ ಒಡೆದವು. ಚೀಲ ಅಲ್ಲೇ ಉಳಿಯಿತು.

ಊರು ಪ್ರಶ್ನೆ ಕೇಳಿದ್ದು ಅವನಿಗಲ್ಲ. ಕೊನೆಯವಳಾಗಿ ಯಾಕೆ ನಿಂತೆ? ಮಲ್ಲಿಗೆ ಯಾಕೆ ಮುಡಿದೆ? ಅವನ ಮಾತಿಗೆ ನಕ್ಕದ್ದು ಹೌದಾ?

ನಕ್ಕದ್ದು ಹೌದು. ಅದೇ ಅವಳನ್ನು ಕೊರೆಯುತ್ತಿತ್ತು.

ಸಂಕ್ರಮಣದ ದಿನ ದೈವದ ಎದುರು ಸೊಸೆಯಿಂದ ಪ್ರಮಾಣ ಮಾಡಿಸುವುದೆಂದು ಮಾವ ಮುಂಡಪ್ಪ ತೀರ್ಮಾನಿಸಿದ. ಮೊದಲ ಸಂಕ್ರಮಣಕ್ಕೆ ಮನೆಯಲ್ಲಿ ಸೂತಕ. ಎರಡನೆಯದಕ್ಕೆ ಪ್ರಮಾಣ ಮಾಡಿಸಬೇಕಾದ ಗುರಿಕಾರರಿಗೆ ಜ್ವರ. ಮೂರನೆಯದು ನಾಳೆ. ಅಷ್ಟರಲ್ಲಿ ಹನ್ನೊಂದು ವಾರ ಕಳೆದಿತ್ತು. ರಾಜೀವಿ ಬ್ರಾಂಚಿನ ಕಡೆ ತಲೆ ಹಾಕಿರಲಿಲ್ಲ.

ಪಕ್ಕದ ಮನೆಯ ನುಸ್ರತ್ ಕೂಡ ಬೀಡಿ ಕಟ್ಟುವವಳು, ಸಂಘದ ಸಭೆಗಳಿಗೆ ಹೋಗುವವಳು. ಸುದ್ದಿ ಕೇಳಿ ಸೀದಾ ಜಗಲಿಗೆ ಬಂದಳು.

"ಮುಂಡಪ್ಪಣ್ಣ, ನಾಳೆ ಪ್ರಮಾಣ ಯಾರದ್ದು?"

"ಇವಳದ್ದು. ಸಲುಗೆ ಕೊಡಲಿಲ್ಲ ಅಂತ ಒಂದು ಮಾತು ಹೇಳಿದ್ರೆ ಮುಗೀತು. ಮಸ್ಕತ್ತಿನಿಂದ ಮಗ ಕೇಳಿದ್ರೆ ನಾನು ಏನು ಹೇಳುವುದು?"

"ಕೈ ಹಾಕಿದವ ಅವ, ಪ್ರಮಾಣ ಇವಳದ್ದಾ? ಒಳ್ಳೆ ನ್ಯಾಯ ಮಾರಾಯ್ರೆ ನಿಮ್ಮದು!"

"ಇವಳು ನಕ್ಕಿದ್ದಾಳಂತೆ."

ಅಲಸಂಡೆ ಮುರಿಯುತ್ತಿದ್ದ ರಾಜೀವಿಯ ಕೈ ನಿಂತಿತು.

"ನಕ್ಕಿದ್ದೇನೆ ಮಾವ. ಆದ್ರೆ ಪ್ರಮಾಣ ಮಾಡುವುದಿಲ್ಲ. ಸಣ್ಣದಿರುವಾಗ ನಿಮಗೆ ಧಣಿ ಬೆತ್ತದಲ್ಲಿ ಹೊಡೆದದ್ದು ಹೇಳಿದ್ರಲ್ಲ. ಯಾಕೆ ಹೊಡೆದದ್ದು?"

ಮುಂಡಪ್ಪನ ಕೈ ತಾನಾಗಿ ಭುಜದ ಕಲೆಯ ಮೇಲೆ ಹೋಯಿತು. "ಅವರು ಗದ್ದೆಯಲ್ಲಿ ಜಾರಿ ಬಿದ್ರು. ನಾನು ನಕ್ಕೆ."

"ಹಾಗಾದ್ರೆ ತಪ್ಪು ನಿಮ್ಮದೇ."

"ನನ್ನದು ಎಂಥದ್ದು? ನಕ್ಕದ್ದು ನಾನು, ಹೊಡೆದದ್ದು ಅವರು!"

ಮುದುಕ ಸಿಟ್ಟಿನಿಂದ ಎದ್ದೇಬಿಟ್ಟಿದ್ದ. ತಾನು ಹೇಳಿದ್ದು ತನಗೇ ಕೇಳಿಸಿತು. ಮೆಲ್ಲಗೆ ಕೂತ.

ನುಸ್ರತ್ ಹೇಳಿದಳು: "ಕೆಲಸದ ಜಾಗದಲ್ಲಿ ಹೀಗಾದ್ರೆ ದೂರು ಕೊಡ್ಲಿಕ್ಕೆ ಜಿಲ್ಲೆಯಲ್ಲಿ ಸ್ಥಳೀಯ ಸಮಿತಿ ಉಂಟು. ಮೂರು ತಿಂಗಳ ಒಳಗೆ ಬರೆದು ಕೊಡಬೇಕು. ಇನ್ನು ಎರಡೇ ವಾರ ಉಂಟು. ಕಣ್ಣಾರೆ ನೋಡಿದವರು ಇಲ್ಲದಿದ್ರೂ ದೂರು ಕೊಡಬಹುದು. ಪೊಲೀಸರ ಹತ್ತಿರವೂ ಹೋಗಬಹುದು."

"ನಾಳೆಯೇ ಹೋಗುವ," ಎಂದ ಮುಂಡಪ್ಪ. "ಮಗ ಕೇಳಿದ್ರೆ ನಡೆದದ್ದೇ ಹೇಳ್ತೇನೆ."

"ಮತ್ತೆ ಪ್ರಮಾಣ?" ನುಸ್ರತ್ ಕೇಳಿದಳು.

"ಬೇಕಾದ್ರೆ ಆ ನಿತ್ಯಾನಂದ ಮಾಡ್ಲಿ."

ರಾಜೀವಿ ಒಳಗೆ ಹೋಗಿ ಕಾಗದ, ಪೆನ್ನು ತಂದಳು.

ಇದನ್ನು ಓದುತ್ತಿರುವವರೇ, ಕೇಳುತ್ತಿರುವವರೇ, ನಿಮ್ಮ ಮನೆಯ ಹೆಣ್ಣು ಇಂಥ ಮಾತು ಹೇಳಿದರೆ ಅವಳ ಹೂವನ್ನೂ ನಗುವನ್ನೂ ವಿಚಾರಣೆ ಮಾಡಬೇಡಿ. ಅವಳು ನಕ್ಕಿರಲಿ, ಕೂಗದೇ ಇರಲಿ, ತಡವಾಗಿ ಹೇಳಲಿ, ಮಾಡಿದವನ ತಪ್ಪು ಅವಳದಾಗುವುದಿಲ್ಲ. ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ. ಅವಳ ಜೊತೆ ಹೋಗಿ. ಇವತ್ತೇ ಹೋಗಿ.

ಆ ದಿನ ಒಡೆದದ್ದು ಎರಡು ಬಳೆ. ಆಮೇಲೆ ಊರು ಹಾಳುಮಾಡಿದ್ದು ಅವಳ ಹನ್ನೊಂದು ವಾರ.