ಗಾಡಿ ಅಲೆಯುತ್ತದೆ

ನಾಲ್ಕನೆಯ ಚಕ್ರದ ಗಾಳಿ ಅಳೆಯುವಷ್ಟರಲ್ಲಿ ಲವಾನಳ ಬೆರಳುಗಳು ಮರಗಟ್ಟಿದ್ದವು. ಮರುಭೂಮಿಯ ಬೆಳಗಿನ ಚಳಿಯೇ ಹಾಗೆ. ಆದರೆ ಬಿಸಿಲು ಬೀಳುವ ಮೊದಲೇ ಅಳೆಯಬೇಕು. ಬಿಸಿಯಾದ ಟೈರು ಹೆಚ್ಚು ತೋರಿಸುತ್ತದೆ. ಗಂಡ ಡೆಲ್‌ನ ಮಂಡಿ ಬಗ್ಗದೆ ಹೋದಂದಿನಿಂದ ಈ ಕೆಲಸ ಅವಳದು. ಓಡಿಸುವುದು ಮಾತ್ರ ಅವನೇ.

ನೆಬ್ರಾಸ್ಕಾದ ಮನೆ ಬಿಟ್ಟು ಆರು ವರ್ಷ. ಈಗ ಮನೆಯೆಂದರೆ ಮೂವತ್ತು ವರ್ಷ ಹಳೆಯ, ಬಸ್ಸಿನಷ್ಟು ದೊಡ್ಡ ಈ ಮೋಟಾರ್‌ಹೋಮ್. ಕಳೆದ ಚಳಿಗಾಲದಿಂದ ಅದು ರಸ್ತೆಯ ಮೇಲೆ ನೆಟ್ಟಗೆ ಹೋಗದೆ ಅತ್ತಿತ್ತ ಅಲೆಯುತ್ತಿತ್ತು. ಲಾರಿಯೊಂದು ಪಕ್ಕದಲ್ಲಿ ಹಾದರೆ ಮೊದಲು ಆಚೆಗೆ ಸರಿದು, ಆಮೇಲೆ ಲಾರಿಯ ಕಡೆಗೇ ವಾಲುತ್ತಿತ್ತು. ಎರಡು ಸಲ ಬಿಳಿ ಗೆರೆ ದಾಟಿತ್ತು. ಎರಡನೆಯ ಸಲ ಪಕ್ಕದ ಸಾಲಿನಲ್ಲಿ ಒಂದು ಸಣ್ಣ ಕಾರಿತ್ತು. ಅದನ್ನು ಓಡಿಸುತ್ತಿದ್ದ ಹೆಂಗಸು ಬಾಯಿ ತೆರೆದದ್ದು ಲವಾನಳಿಗೆ ಕಂಡಿತ್ತು. ಕೂಗು ಕೇಳಿಸಿರಲಿಲ್ಲ.

ಡೆಲ್ ಸುಮ್ಮನೆ ಕೂತಿರಲಿಲ್ಲ. ಗಾಡಿಯ ತೂಕ ನೋಡಿಸಿ, ಹಿಂದೆ ಭಾರ ಹೆಚ್ಚಾಗಿ ಮೂತಿ ಹಗುರಾಗಿದೆಯೆಂದು ತನ್ನ ಉಪಕರಣದ ಪೆಟ್ಟಿಗೆಯನ್ನೂ ಅವಳ ಹೊಲಿಗೆ ಯಂತ್ರವನ್ನೂ ಮುಂದಕ್ಕೆ ತಂದಿದ್ದ. ಹಿಂದಿನ ತೊಟ್ಟಿಯ ನೀರನ್ನು ಅರ್ಧಕ್ಕೆ ಇಳಿಸಿದ್ದ. ಸ್ಟಿಯರಿಂಗ್ ಅದುರದಂತೆ ಹೊಸ ಡ್ಯಾಂಪರ್ ಹಾಕಿಸಿದ್ದ. ಸಂಜೆ, ಇಂಥವೇ ಗಾಡಿಗಳು ತಂಗಿದ್ದ ಆ ಬಿಡಾರದ ಗಂಡಸರು ಕುರ್ಚಿ ಹಾಕಿಕೊಂಡು ಕೂತರೆ ಅದೇ ಮಾತು. ನಿನ್ನದು ಅಲೆಯುತ್ತಾ, ನನ್ನದೂ ಅಲೆಯುತ್ತೆ. ಯಾರೂ ಇನ್ನೊಬ್ಬನ ಓಡಿಸುವ ಕೈಯ ಬಗ್ಗೆ ಮಾತೆತ್ತುತ್ತಿರಲಿಲ್ಲ. ಅಲೆಯುವುದು ಯಾವಾಗಲೂ ಗಾಡಿಯೇ.

"ನನ್ನ ಕಾಲಡಿಯ ಮ್ಯಾಟ್ ನೋಡೇ," ಎಂದಿದ್ದಳು ಪಕ್ಕದ ಗಾಡಿಯ ಅರ್ಲೀನ್. "ನಮ್ಮವರು ಓಡಿಸುವಾಗ ಪಕ್ಕದಲ್ಲಿ ಕೂತು, ಇಲ್ಲದ ಬ್ರೇಕ್ ಒತ್ತಿ ಒತ್ತಿ ತೂತು ಬಿದ್ದಿದೆ."

ನಾಳೆ ಬೇಕರ್ಸ್‌ಫೀಲ್ಡ್‌ಗೆ ಹೊರಡಬೇಕು. ದಾರಿಯಲ್ಲಿ ಟೆಹಾಚಪಿ ಕಣಿವೆ. ಅಲ್ಲಿಯ ಗಾಳಿ ಖಾಲಿ ಲಾರಿಗಳನ್ನೇ ಮಗುಚುತ್ತದೆ. ಅದಕ್ಕೇ ಡೆಲ್ ಮೆಕ್ಯಾನಿಕ್ ಬೆನಿಟೊನಿಗೆ ಬರಹೇಳಿದ್ದ. ಬೆನಿಟೊ ಬಂದಾಗ ಡೆಲ್ ಯಾವುದೋ ಬೋಲ್ಟು ಹುಡುಕಿಕೊಂಡು ಹಳೇ ಸಾಮಾನಿನ ಸಂತೆಗೆ ಹೋಗಿದ್ದ.

ಬೆನಿಟೊ ಗಾಡಿಯ ಕೆಳಗೆ ಅರ್ಧ ಗಂಟೆ ಮಲಗಿದ್ದು, ಬೆನ್ನಿನ ಮಣ್ಣು ಕೊಡವುತ್ತ ಎದ್ದ.

"ಡೆಲ್ ಬರೋದು ತಡ ಆಗುತ್ತಾ? ಹಾಗಾದ್ರೆ ನೀವೇ ಓಡಿಸಿ ಮೇಡಂ. ಪಕ್ಕದಲ್ಲಿ ಕೂತು ನೋಡ್ತೀನಿ."

"ನಾನಾ? ಸ್ಟಿಯರಿಂಗ್ ಮುಟ್ಟಿ ನಾಲ್ಕು ವರ್ಷ ಆಯ್ತಲ್ಲಪ್ಪ."

"ಸ್ಕೂಲ್ ಬಸ್ ಓಡಿಸ್ತಿದ್ರಂತೆ, ಅರ್ಲೀನ್ ಹೇಳಿದ್ರು. ಆ ಮಕ್ಕಳಷ್ಟು ಗಲಾಟೆ ನಾನು ಮಾಡಲ್ಲ."

ಹನ್ನೆರಡು ವರ್ಷ ಓಡಿಸಿದ್ದಳು, ಹಿಮದಲ್ಲೂ. ಆಮೇಲೆ ಡೆಲ್ ಬಿಡು ಎಂದೇನೂ ಹೇಳಿರಲಿಲ್ಲ. ಇವಳೇ ಸ್ಟಿಯರಿಂಗ್ ಬಿಟ್ಟು ಬಲಗಡೆಯ ಸೀಟಿಗೆ ಹೋಗಿ ಕೂತಿದ್ದಳು, ಅಷ್ಟೆ.

ಹೆದ್ದಾರಿಗೆ ಬಂದೊಡನೆ ಹಿಂದಿನಿಂದ ಲಾರಿ ಬಂತು. ಅವಳು ಸ್ಟಿಯರಿಂಗನ್ನು ಒತ್ತಿ ಹಿಡಿದಳು.

"ಬಿಗಿ ಹಿಡೀಬೇಡಿ," ಎಂದ ಬೆನಿಟೊ. "ದೂರ ನೋಡಿ. ಅದೇ ಸರಿ ಹೋಗುತ್ತೆ."

ಗಾಳಿ ಗಾಡಿಯನ್ನು ಮೆಲ್ಲಗೆ ತಳ್ಳಿತು. ಅವಳು ಕೈ ಅಲುಗಿಸಲಿಲ್ಲ. ಮೂತಿ ಒಂದು ಗೇಣು ಸರಿದು ತಾನಾಗಿಯೇ ಮರಳಿತು. ಎರಡನೆಯ ಲಾರಿಗೂ ಅಷ್ಟೇ. ಹತ್ತು ಮೈಲಿ ಗಾಡಿ ದಾರ ಎಳೆದ ಹಾಗೆ ಹೋಯಿತು. ದೂರದಲ್ಲಿ ಹಸಿರು ಬೋರ್ಡು ಕಾಣಿಸಿತು.

"ತಿರುವು ಎರಡು ಮೈಲಿ," ಎಂದು ಲವಾನ್ ಗಟ್ಟಿಯಾಗಿ ಓದಿದಳು.

"ನಂಗೂ ಕಾಣುತ್ತೆ ಮೇಡಂ," ಎಂದು ಬೆನಿಟೊ ನಕ್ಕ.

ಅವಳು ನಗಲಿಲ್ಲ. ಒಂದು ವರ್ಷದಿಂದ ಪ್ರತಿ ಬೋರ್ಡನ್ನೂ ಹೀಗೆ ಓದುತ್ತಿದ್ದಳು. ಡೆಲ್ "ಏನಂತೆ ಅದು?" ಎನ್ನುತ್ತಿದ್ದ, ಇವಳು ಓದುತ್ತಿದ್ದಳು. ಗಂಡಹೆಂಡಿರ ಹಾದಿಯ ಮಾತು ಎಂದುಕೊಂಡಿದ್ದಳು. ಈಗ ಹೊಳೆಯಿತು, ಅವನಿಗೆ ದೂರದ್ದು ಕಾಣುತ್ತಿರಲಿಲ್ಲ. ಕಂಡಷ್ಟು ರಸ್ತೆಯನ್ನೇ, ಮೂತಿಯ ಮುಂದಿನ ನಾಲ್ಕು ಮಾರನ್ನು, ನೆಟ್ಟ ಕಣ್ಣಿನಿಂದ ನೋಡುತ್ತ, ಗಾಡಿ ಚೂರು ವಾಲಿದರೂ ತಿರುಗಿಸುತ್ತಿದ್ದ. ತಿರುಗಿಸಿದ್ದು ಹೆಚ್ಚಾಯಿತೆಂದು ಮತ್ತೆ ಆಚೆಗೆ ತಿರುಗಿಸುತ್ತಿದ್ದ.

ಬಿಡಾರಕ್ಕೆ ಮರಳಿದ ಮೇಲೆ ಬೆನಿಟೊ ಇಳಿಯದೆ ಕೂತ. "ಗಾಡೀಲಿ ಏನೂ ಇಲ್ಲ. ಡೆಲ್‌ಗೆ ಏನಂತ ಹೇಳ್ಲಿ?"

"ನಾನೇ ಹೇಳ್ತೀನಿ ಬಿಡು."

ಡೆಲ್ ಮಧ್ಯಾಹ್ನ ಬಂದ. ಅವಳು ಬೀನ್ಸ್ ಸಾರಿಗೆ ಈರುಳ್ಳಿ ಹೆಚ್ಚುತ್ತಿದ್ದಳು.

"ಏನಂದ ಬೆನಿಟೊ?"

"ಗಾಡಿ ಸರಿಯಿದೆಯಂತೆ."

"ಸರಿಯಿದೆಯಂತೆ! ಓಡಿಸೋನಿಗಲ್ವಾ ಗೊತ್ತು ಅದರ ಗುಣ. ಇರ್ಲಿ, ನಾಳೆ ನೀನು ನಿದ್ದೆ ಹೊಡೀದೆ ಬೋರ್ಡು ನೋಡ್ತಿರು, ಸಾಕು."

ಕಿಟಕಿಯ ಆಚೆ ಗಂಡಸರು ಅವನನ್ನು ಕೂಗಿ ಕರೆದರು. ಯಾರು ಕರೆದರೆಂದು ತಿಳಿಯದೆ ಅವನು ಆ ಕಡೆಗೆ ಸುಮ್ಮನೆ ಕೈ ಬೀಸಿದ. ಲವಾನ್ ಅದನ್ನು ನೋಡಿದಳು. ಅವರ ಮುಂದೆ ಅವನ ಕಣ್ಣಿನ ಮಾತು ಆಡಲಾರಳು. ಅವನ ಎದುರೂ ಇವತ್ತು ಆಡಲಾರಳು. ಆದರೆ ನಾಳೆ, ಅವನು ನೀರಿನ ಕೊಳವೆ ಬಿಚ್ಚಿ ಬರುವಷ್ಟರಲ್ಲಿ, ಎಡಗಡೆಯ ಸೀಟಿನಲ್ಲಿ, ಸ್ಟಿಯರಿಂಗ್ ಹಿಡಿದು ತಾನು ಕೂತಿರಬೇಕು. ಅವನು ಗೊಣಗಲಿ, ಬಸ್ ಡ್ರೈವರಮ್ಮ ಎಂದು ಅಣಕಿಸಲಿ, ಏಳುವುದಿಲ್ಲ. ಕಣಿವೆ ದಾಟಿ ಬೇಕರ್ಸ್‌ಫೀಲ್ಡ್ ಸೇರಿದ ಮೇಲೆ ಕಣ್ಣಿನ ಡಾಕ್ಟರು.

"ಏನು ಯೋಚನೆ ಮಾಡ್ತಿದ್ದೀಯ?" ಎಂದ ಡೆಲ್.

"ಖಾರ ಎಷ್ಟು ಹಾಕ್ಲಿ ಅಂತ," ಎಂದಳು ಲವಾನ್.