ಓಣಿಗೆ ಬೀರಿದ ಡಬ್ಬಿ

“ಇದು ನಮ್ಮ ತಮ್ಮನ ಕೂಸ್ರಿ. ಇದಕ್ಕಂತ ನಾನು ಡಬ್ಬಿ ಕಳಿಸಿದ್ದೆ. ಕೂಸಿನ ಪಾಲು ಅಪ್ಪನ ಹೊಟ್ಟಿ ಸೇರೇತಿ, ನೋಡ್ರಿ.”

ಗರಗದ ಅಂಗನವಾಡಿಯಲ್ಲಿ, ನಮ್ಮ ಓಣಿಯ ಹೆಂಗಸರೆಲ್ಲ ಕೂತಿರುವಾಗ, ರಜೆಗೆ ಊರಿಗೆ ಬಂದಿದ್ದ ಅಕ್ಕ ಸುಮಲತಾ ಹೀಗಂದಳು. ನನ್ನ ಮಗಳು ಸಾನ್ವಿಯ ತೋಳಿಗೆ ಅವಳು ಸುತ್ತಿದ್ದ ಅಳತೆಪಟ್ಟಿ ಕೆಂಪಿಗೆ ನಿಂತಿತ್ತು. ಹಸಿರು ಬಂದರೆ ಕೂಸು ಗಟ್ಟಿ, ಕೆಂಪು ಬಂದರೆ ಜೀವಕ್ಕೇ ಅಪಾಯ ಎಂದು ಆಗಷ್ಟೇ ತಿಳಿಸಿ ಹೇಳಿದ್ದಳು. ಅವಳ ಜೊತೆ ಧಾರವಾಡದಿಂದ ಬಂದಿದ್ದ ಆರೋಗ್ಯ ಇಲಾಖೆಯವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

ಅಪ್ಪ ತೀರಿದ ವರ್ಷ ಅಕ್ಕ ಧಾರವಾಡಕ್ಕೆ ಪೋಷಣಶಾಸ್ತ್ರ ಓದಲು ಹೋದಳು. ನಾನು ಏಳನೇ ಇಯತ್ತೆ ಬಿಟ್ಟು ಅಪ್ಪನ ಮಗ್ಗದ ಕುಣಿಗೆ ಇಳಿದೆ. ನಿನಗೂ ಓದಬೇಕೇ ಎಂದು ಯಾರೂ ಕೇಳಲಿಲ್ಲ. ಅವಳು ಪರದೇಶದಲ್ಲೂ ಓದಿ, ಆಫ್ರಿಕಾದ ನಿರಾಶ್ರಿತರ ಕ್ಯಾಂಪುಗಳಲ್ಲಿ ಮಕ್ಕಳಿಗೆ ಉಣಿಸುವ ಕೆಲಸ ಹಿಡಿದಳು. ಫೋಟೋ ಬರುತ್ತಿದ್ದವು, ಮಡಿಲಲ್ಲಿ ಯಾರದೋ ಕೂಸು. ಅವ್ವ ಅವನ್ನು ಓಣಿಗೆಲ್ಲ ತೋರಿಸಿ ಬರುತ್ತಿದ್ದಳು.

ನನ್ನ ಹೆಂಡತಿಗೆ ಟೈಫಾಯಿಡ್ ಆಗಿ ಎದೆಹಾಲು ಬತ್ತಿದಾಗ ನಾನೇ ಬೂತಿನಿಂದ ಅಕ್ಕನಿಗೆ ಫೋನು ಮಾಡಿ ಸಾನ್ವಿ ತೂಕ ಏರುತ್ತಿಲ್ಲ ಎಂದೆ. ರಜೆಗೆ ಬರುವವರ ಕೈಯಲ್ಲಿ ದೊಡ್ಡ ಡಬ್ಬಿಯೊಂದನ್ನು ಕಳಿಸಿದಳು. ಶೇಂಗಾ, ಹಾಲಿನ ಪುಡಿ, ಸಕ್ಕರೆ ಕೂಡಿಸಿ ಅರೆದದ್ದು. ಅದು ಬಂದ ದಿನ ನಾನು ನೂಲಿಗೆಂದು ಹುಬ್ಬಳ್ಳಿಗೆ ಹೋಗಿದ್ದೆ.

ನಮ್ಮಲ್ಲಿ ದೂರದಿಂದ ತಿನ್ನುವಂಥದ್ದು ಏನು ಬಂದರೂ ಮೊದಲು ಓಣಿಗೆ ಬೀರಬೇಕು. ಮನೆಯವರದು ಆಮೇಲೆ. ಮಗಳು ಕಳಿಸಿದ್ದೆಂಬ ಹಿಗ್ಗಿನಲ್ಲಿ ಅವ್ವ ಬಟ್ಟಲು ತುಂಬಿ ತುಂಬಿ ಮನೆಮನೆಗೆ ಕೊಟ್ಟಳು. ಶೇಂಗಾ ಉಂಡಿಗಿಂತ ಛಲೋ ಐತಿ ಎಂದು ಪಕ್ಕದ ಮನೆಯ ರೆಹಮತ್‌ಬಿ ಇನ್ನೊಮ್ಮೆ ಇಸಕೊಂಡಳಂತೆ. ನಾನು ಬರುವ ಹೊತ್ತಿಗೆ ಡಬ್ಬಿಯ ತಳ ಬಳಿದರೆ ಬೆರಳಿಗೆ ಹತ್ತುವಷ್ಟಿತ್ತು. ಆ ಬೆರಳನ್ನೇ ಸಾನ್ವಿಯ ಬಾಯಿಗಿಟ್ಟೆ. ಸಿಟ್ಟಿಗೆ ಡಬ್ಬಿ ಬೀಸಿ ಒಗೆದೆ. ಅವ್ವ ನನ್ನ ಕೈ ಹಿಡಿದಳು.

“ಅಕಿಗೆ ಹೇಳಬ್ಯಾಡೋ ಮಾಲತೇಶ. ನನ್ನ ಮಾರಿ ನೋಡಂಗಿಲ್ಲ ಅಕಿ.”

ಹೇಳಲಿಲ್ಲ. ಇನ್ನೊಂದು ಡಬ್ಬಿ ಕೇಳಲೂ ಇಲ್ಲ. ಕೇಳಿದರೆ ಮೊದಲಿನದು ಏನಾಯಿತು ಎನ್ನುತ್ತಿದ್ದಳು.

ಈಗ ರೆಹಮತ್‌ಬಿ ನೆಲ ನೋಡುತ್ತ ಕೂತಿದ್ದಳು. ತಿಂದ ಬಾಯಿಗಳೆಲ್ಲ ಮುಚ್ಚಿದ್ದವು.

“ಸಾಲಿ ಬಿಟ್ಟೋರಿಗೆ ಎಷ್ಟು ತಿಳಿಸಿ ಹೇಳಿದ್ರೂ ಅಷ್ಟ,” ಅಕ್ಕ ಅಂದಳು. “ನೀ ಅಲ್ಲಂದ್ರ ಮತ್ಯಾರು ತಿಂದ್ರು? ಹೇಳು.”

ಒಬ್ಬೊಬ್ಬರನ್ನೇ ಬೆರಳು ಮಾಡಿ ತೋರಿಸಬೇಕೆಂದು ಕೈ ಎತ್ತಿದೆ. ಬಾಗಿಲಲ್ಲಿ ಅವ್ವ ಸೆರಗು ಕಚ್ಚಿ ನಿಂತು ನನ್ನನ್ನೇ ನೋಡುತ್ತಿದ್ದಳು. ಅವಳು ಒಂದು ಮಾತು ಆಡಿದ್ದರೆ ಸಾಕಿತ್ತು. ಇಷ್ಟು ಗದ್ದಲದಲ್ಲೂ ಸಾನ್ವಿ ಅಳಲಿಲ್ಲ. ಅಳುವ ತ್ರಾಣ ಅವಳಲ್ಲಿ ಉಳಿದಿರಲಿಲ್ಲ.

ಪಟ್ಟಿ ಬಿಚ್ಚಿ ಅಕ್ಕನ ಕೈಯಲ್ಲಿಟ್ಟೆ. ಕೂಸನ್ನು ಹೆಗಲಿಗೆ ಹಾಕಿಕೊಂಡು, ಅವ್ವನನ್ನು ದಾಟಿ, ಧಾರವಾಡದ ದವಾಖಾನೆಗೆ ಹೋಗುವ ಬಸ್ಸಿನ ಕಡೆ ನಡೆದೆ. ಯಾರು ತಿಂದರು ಎಂದು ಅಕ್ಕ ಹಿಂದಿನಿಂದ ಮತ್ತೆ ಕೇಳುತ್ತಿದ್ದಳು.